ಕೌಂಟರಿಗೆ ಖುದ್ದಾಗಿ ಬನ್ನಿ

ಶನಿವಾರ, ಬೆಳಿಗ್ಗೆ
ಗ್ರಂಥಾಲಯದ ಮೂರನೇ ಮಹಡಿ

ಅಕ್ಕನಿಗೆ ತಂಗಿಯ ನಮಸ್ಕಾರ,

ನಿನ್ನ ಪ್ರಬಂಧ ನಿನ್ನೆ ಹನ್ನೆರಡೂ ಕಾಲಿಗೆ ಬಂದು ಸೇರಿತು. ದೂರಶಿಕ್ಷಣ ವಿಭಾಗದ ಗುಮಾಸ್ತೆಯ ಬೆನ್ನ ಹಿಂದೆ ನಿಂತು ಅವಳ ಪರದೆಯಲ್ಲಿ ನಾನೇ ಕಣ್ಣಾರೆ ನೋಡಿದೆ: 'ಸ್ವೀಕರಿಸಲಾಗಿದೆ.' ನಿನ್ನೆಯ ಗಡುವು ತಪ್ಪಿದ್ದರೆ ನೋಂದಣಿ ರದ್ದಾಗಿ ನಿನ್ನ ಆರು ವರ್ಷದ ಓದು ನೀರುಪಾಲಾಗುತ್ತಿತ್ತು. ಈಗ ಎದೆ ಹಗುರಾಗಿದೆ. ಆದರೆ ನಿನಗೆ ಹೇಳಬೇಕಾದ್ದು ಸ್ವಲ್ಪ ಇದೆ. ಫೋನಿನಲ್ಲಾದರೆ ನಾನು ಮಾತು ಹಾರಿಸಿಬಿಡುತ್ತೇನೆ, ಅದಕ್ಕೇ ಈ ಕಾಗದ.

ನೀನಂತೂ ಭಾರಿ ಗಟ್ಟಿಗಿತ್ತಿ ಬಿಡು. ಆಸ್ಪತ್ರೆಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ನನಗೊಂದು ಸುಳಿವೂ ಕೊಡದೆ ನಮ್ಮದೇ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದೆಯಲ್ಲ! ನನ್ನನ್ನು ಓದಿಸಲೆಂದು ಶಾಲೆ ಬಿಟ್ಟವಳು ನೀನು. ನಾನು ಇಲ್ಲಿ ಸಹಾಯಕ ಗ್ರಂಥಪಾಲಕಿ ಎಂದು ಕುರ್ಚಿಯಲ್ಲಿ ಕುಳಿತಿರುವಾಗ, ನೀನು ಊಟದ ಬಿಡುವಿನಲ್ಲಿ ಫೋನಿನ ಇರುವೆಗಾತ್ರದ ಅಕ್ಷರ ಓದುತ್ತಿದ್ದೆ.

ನಮ್ಮ ಘನಕಾರ್ಯವನ್ನೂ ಕೇಳು. ನಾಲ್ಕು ತಿಂಗಳ ಹಿಂದೆ 'ಗ್ರಂಥಾಲಯ ನಿಮ್ಮ ಮೊಬೈಲಿನಲ್ಲಿ' ಎಂದು ಸಮಾರಂಭ ಮಾಡಿದೆವು. ಎಲ್ಲ ಸರಿಯಿದೆಯೇ ಎಂದು ನೋಡಿದವಳು ನಾನೇ. ಇದೇ ಮಹಡಿಯಲ್ಲಿ ನನ್ನ ಫೋನು, ಮುಖ್ಯ ಗ್ರಂಥಪಾಲಕರ ಫೋನು, ಕಾವಲುಗಾರನ ಫೋನು, ಮೂರರಲ್ಲೂ ಪುಸ್ತಕ ಸಲೀಸಾಗಿ ತೆರೆಯಿತು. ಕಟ್ಟಡದ ವೈಫೈ ಇದ್ದರೆ ಅದು ಯಾರು ಏನು ಎಂದು ಕೇಳುವುದೇ ಇಲ್ಲ. ಹೊರಗಿನಿಂದ ಬಂದವರನ್ನು ಮಾತ್ರ ಗ್ರಂಥಾಲಯದ ಕಾರ್ಡ್ ಸಂಖ್ಯೆ ಕೇಳುತ್ತದೆ. ಆ ಕಾರ್ಡು ಸಿಗುವುದು ಕೌಂಟರಿನಲ್ಲಿ, ನಮ್ಮ ಕಣ್ಣೆದುರು ಸಹಿ ಹಾಕಿದವರಿಗೆ. ದೂರದವರಿಗೆಂದು ಬಾಗಿಲು ಇಟ್ಟು ಕೀಲಿಯನ್ನು ಒಳಗೇ ಇಟ್ಟುಕೊಂಡಿದ್ದೆವು. ನಾನು ಒಂದು ಸಲವಾದರೂ ರಸ್ತೆಗೆ ಇಳಿದು ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ದೂರುಗಳು ಬರತೊಡಗಿದವು. ದೂರಿನಲ್ಲಿ ಹೆಸರಿರುವುದಿಲ್ಲ, ನೋಂದಣಿ ಸಂಖ್ಯೆ ಮಾತ್ರ. ಎಲ್ಲಕ್ಕೂ ನನ್ನದು ಒಂದೇ ಸಿದ್ಧ ಉತ್ತರ: 'ಕೌಂಟರಿಗೆ ಖುದ್ದಾಗಿ ಬನ್ನಿ.' ಒಂದು ಸಂಖ್ಯೆಗೆ ಅದನ್ನೇ ಎರಡು ಸಲ ಕಳಿಸಿದೆ. ಅದೇ ಸಂಖ್ಯೆಯಿಂದ ಮೂರನೇ ದೂರು ಬಂತು. ಗಡುವಿಗೆ ಇನ್ನು ಹನ್ನೊಂದೇ ದಿನ, ಬರಲು ರಜೆ ಸಿಗುವುದಿಲ್ಲ ಎಂದು ಅದರಲ್ಲಿತ್ತು. ಆಗ ದಾಖಲೆ ತೆಗೆದು ನೋಡಿದರೆ ನಿನ್ನ ಹೆಸರು, ನಿನ್ನ ಫೋಟೋ.

ಕೂಡಲೇ ಫೋನು ಮಾಡಿ, ನಿನಗೆ ಬೇಕಾದ ಮೂರು ಅಧ್ಯಾಯಗಳನ್ನು ನಾನೇ ಕಳಿಸಿಬಿಡುತ್ತೇನೆ ಎಂದೆ. ನೀನು ಮೊದಲು ನಕ್ಕೆ. ಆಮೇಲೆ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಬೇಡ ಕಣೇ. ನೀನು ಅಲ್ಲಿದ್ದೀಯ ಅಂತ ನನಗೆ ಸಿಕ್ಕಿಬಿಡುತ್ತೆ. ಅಲ್ಲಿ ತಂಗಿ ಇಲ್ಲದವರು ಏನ್ ಮಾಡ್ಬೇಕು?"

ಮೈಯೆಲ್ಲ ಉರಿದುಹೋಯಿತು. ಹೋಗಲಿ, ನಿನ್ನ ಹಣೆಬರಹ ಎಂದು ಫೋನು ಇಟ್ಟೆ. ಇಟ್ಟವಳು ಕೂತಲ್ಲಿ ಕೂರಲಾರದೆ, ಮರುದಿನ ಬೆಳಿಗ್ಗೆ ಮುಖ್ಯ ಗ್ರಂಥಪಾಲಕರನ್ನು ಎದುರಿನ ಬಸ್ ನಿಲ್ದಾಣಕ್ಕೆ ಕರೆದೊಯ್ದೆ. ಸಾರ್, ನಿಮ್ಮ ಫೋನಿನಲ್ಲಿ ಒಂದೇ ಒಂದು ಪುಸ್ತಕ ತೆಗೆಯಿರಿ ಎಂದೆ. ಪಾಪ, ಸಮಾರಂಭದಲ್ಲಿ ಅರ್ಧ ಗಂಟೆ ಭಾಷಣ ಮಾಡಿದವರು ಅವರೇ. ಕನ್ನಡಕ ಏರಿಸಿದರು, ಇಳಿಸಿದರು, ತಮ್ಮ ಕೆಲಸದ ಗುರುತಿನ ಸಂಖ್ಯೆ ಒತ್ತಿದರು, ಹುಟ್ಟಿದ ದಿನಾಂಕವನ್ನೂ ಒತ್ತಿದರು. ಎರಡು ಬಸ್ಸು ಬಂದು ಹೋದವು. ಕೊನೆಗೆ ಪರದೆಯ ಮೇಲೆ, ಸಹಾಯಕ್ಕೆ ಕೌಂಟರಿಗೆ ಬನ್ನಿ ಎಂದು ಬಂತು. "ನಾನು ಈಗ ತಾನೇ ಅಲ್ಲಿಂದ ಬಂದೆನಲ್ರೀ" ಎಂದು ಪೆಚ್ಚುಮೋರೆ ಹಾಕಿದರು. ನಗು ತಡೆದುಕೊಳ್ಳುವುದು ನನಗೆ ಕಷ್ಟವಾಯಿತು.

ಆ ಮನುಷ್ಯ ಒಳ್ಳೆಯವರು ಕಣೇ. ನಿಯಮ ಬದಲಿಸಲು ಗ್ರಂಥಾಲಯ ಸಮಿತಿಯ ಏಳೂ ಜನರ ಮನೆಬಾಗಿಲಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಕಂಪ್ಯೂಟರ್ ವಿಭಾಗದವರಿಗೆ ಅದು ಎರಡು ದಿನದ ಕೆಲಸವಂತೆ, ಅಡ್ಡ ನಿಂತಿದ್ದು ನಮ್ಮ ನಿಯಮವೊಂದೇ. ಈಗ ನೋಂದಣಿ ಸಂಖ್ಯೆ ಕೊಟ್ಟರೆ ಫೋನಿಗೆ ಬರುವ ಗುಪ್ತಸಂಖ್ಯೆಯೇ ಸಾಕು. ಪುಸ್ತಕ ಪೂರ್ತಿ ಇಳಿಸಿಕೊಳ್ಳಬೇಕಿಲ್ಲ, ಬೇಕಾದ ಅಧ್ಯಾಯ ಮಾತ್ರ ತೆಗೆಯಬಹುದು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆ ಓಡಿಹೋಗುವುದಿಲ್ಲ. ಸೋಮವಾರ ಸಂಜೆ ಶುರುವಾಗಿ, ಬುಧವಾರದ ಹೊತ್ತಿಗೆ ಮುನ್ನೂರ ನಲವತ್ತು ಜನ ಒಳಗೆ ಬಂದಿದ್ದರು. ಲಾರಿಗೆ ಸರಕು ತುಂಬುವಷ್ಟರಲ್ಲಿ ಒಂದು ಅಧ್ಯಾಯ ಮುಗಿಸಿದೆ ಎಂದು ಒಬ್ಬ ಚಾಲಕ ಬರೆದಿದ್ದಾನೆ. ತಂಗಿ ಇಲ್ಲದವರು ಇವರೇ ಇರಬೇಕು ಅಂದುಕೊಂಡೆ. ಆ ಸಾಲಿನಲ್ಲಿ ಹತ್ತೊಂಬತ್ತನೆಯವಳಾಗಿ ನೀನು ಬಂದೆ. ನಾಲ್ಕೇ ದಿನದಲ್ಲಿ ಓದಿ, ಬರೆದು, ಕಳಿಸಿಯೂ ಬಿಟ್ಟೆ.

ಫಲಿತಾಂಶ ಬರುವುದು ಇನ್ನೂ ಇದೆ, ಅದರ ಚಿಂತೆ ನನಗಿಲ್ಲ. ನಿನ್ನೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು, ಹೊದ್ದು ಮಲಗಿದವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ. ಭಾವನಿಗೂ ಮಕ್ಕಳಿಗೂ ನೆನಪು ಹೇಳು.

ಇತಿ ನಿನ್ನ
ಮೊಂಡು ತಂಗಿ

ತಾ.ಕ.: ಮೂರನೇ ದೂರು ಬಂದ ಮೇಲೆ ನೀನೆಂದು ತಿಳಿಯಿತು ಎಂಬಂತೆ ಬರೆದಿದ್ದೇನೆ. ಅದು ಸುಳ್ಳು. ಎರಡನೆಯದರಲ್ಲಿ ನೀನು, 'ಒಗೆಯುವ ಯಂತ್ರದ ಡ್ರಮ್ಮು ನಿಲ್ಲುವುದರೊಳಗೆ ಒಂದು ಪುಟವೂ ತೆರೆಯುತ್ತಿಲ್ಲ' ಎಂದು ಬರೆದಿದ್ದೆ. ಆಗಲೇ ನನಗೆ ಗೊತ್ತಾಗಿಹೋಯಿತು. ನನ್ನಿಂದ ಮುಚ್ಚಿಟ್ಟಳಲ್ಲ, ಈಗ ತಾನಾಗಿ ಬಂದು ನನ್ನನ್ನು ಕೇಳಲಿ ಎಂಬ ಹಟಕ್ಕೆ ಬಿದ್ದು, ಗೊತ್ತಿದ್ದೂ ಅದೇ ಉತ್ತರ ಕಳಿಸಿದೆ. ಆ ಉತ್ತರದಿಂದ ಮೂರನೇ ದೂರಿನವರೆಗೆ ನಿನ್ನ ಹದಿನೆಂಟು ದಿನ ಹಾಳು ಮಾಡಿದವಳು ನಾನು. ನಾಳೆ ಭಾನುವಾರ, ಮೊದಲ ಬಸ್ಸಿಗೇ ಹೊರಡುತ್ತೇನೆ. ಬಯ್ಯುವುದಿದ್ದರೆ ಎದುರಿಗೇ ಬಯ್ಯು, ಖುದ್ದಾಗಿ ಬರುತ್ತಿರುವವಳು ಈ ಸಲ ನಾನು.