ಮಂಚದ ಮೇಲಿನ ಇಂಟರ್‌ವ್ಯೂ

ಮುಖರ್ಜಿ ನಗರ, ದೆಹಲಿ
೯ ನವೆಂಬರ್ ೨೦೦೬

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರಾ? ಡ್ರಾಪ್ಸ್ ಹಾಕುವಾಗ ಚಿಕ್ಕ ಮಗುವಿನ ಹಾಗೆ ತಲೆ ಕೊಸರುತ್ತಾರಂತೆ, ಅಪ್ಪ ಹೇಳಿ ನಕ್ಕರು. ನಿನ್ನ ಮಂಡಿ ನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ, ಆದರೂ ಪಿ.ಜಿ. ಆಂಟಿ ಗೀಸರ್ ಹಾಕಲು ಬಿಡುತ್ತಿಲ್ಲ, 'ಅಭೀ ಕಹಾಂ ಠಂಡ್', ಇನ್ನೂ ಎಲ್ಲಿ ಚಳಿ, ಅಂತಾರೆ. ಚಾಣಕ್ಯಪುರಿಯ ದೇವೇಂದ್ರಪ್ಪ ಅಂಕಲ್ ನಾಳೆ ದಾವಣಗೆರೆಗೆ ಹೊರಟಿದ್ದಾರೆ, ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಕನ್ನಡ ಎಲ್ಲಾದರೂ ಎಡವಿದ್ದರೆ ಬೈಯಬೇಡ. ಆರನೇ ಕ್ಲಾಸಿನಿಂದ ಡೆಹ್ರಾಡೂನ್ ಹಾಸ್ಟೆಲಿನಲ್ಲಿ ಬೆಳೆದವಳಿಗೆ ನಿನ್ನ ಇನ್‌ಲ್ಯಾಂಡ್ ಲೆಟರುಗಳೇ ಟೆಕ್ಸ್ಟ್‌ಬುಕ್ ಆಗಿದ್ದವು.

ನೀನು ಇಪ್ಪತ್ತನೇ ತಾರೀಖಿನ ಇಂಟರ್‌ವ್ಯೂಗೆ ಬರುವುದಿಲ್ಲ, ತಿಂಗಳ ಕೊನೆಯವರೆಗೂ ಅಲ್ಲೇ ಇರುತ್ತೀಯ ಅಂತ ಅಪ್ಪ ಹೇಳಿದರು. ದೊಡ್ಡಮ್ಮನನ್ನು ನೋಡಿಕೊಳ್ಳಲು ಅವರ ಮಕ್ಕಳೇ ಇದ್ದಾರೆ, ಧನ್ಯಾ ಇದ್ದಾಳೆ, ಅಣ್ಣ ಇದ್ದಾನೆ. ಹಾಗಾಗಿ ಕಾರಣ ಕಣ್ಣಿನ ಆಪರೇಷನ್ ಅಲ್ಲ, ನೀನು ಊರಿಗೆ ಹೊರಡುವ ಹಿಂದಿನ ದಿನ ನಮ್ಮ ರೂಮಿನಲ್ಲಿ ನಡೆದದ್ದು ಅಂತ ನನಗನ್ನಿಸುತ್ತಿದೆ. ಆಗಿನಿಂದ ಕ್ಲಾಸಿನಲ್ಲಿ ಕೂತರೂ ಅದೇ ಯೋಚನೆ.

ಐಡಿಯಾ ನನ್ನದೇ. ಹಳೇ ಪ್ರಿನ್ಸಿಪಾಲ್ ರಿಟೈರ್ ಆದಮೇಲೆ ನೋಯ್ಡಾದ ಆ ಶಾಲೆಯನ್ನು ನಡೆಸುತ್ತಿರುವವಳು ನೀನು. ಬಾಗಿಲಿನ ಮೇಲೆ ಮಾತ್ರ 'ಇನ್‌ಚಾರ್ಜ್'. ಈಗ ಮ್ಯಾನೇಜ್‌ಮೆಂಟ್ ಆ ಹುದ್ದೆಗೇ ಇಂಟರ್‌ವ್ಯೂ ಕರೆದಾಗ ನನಗೆ ನಮ್ಮ ಪಿ.ಜಿ. ನೆನಪಾಯಿತು. ಇಲ್ಲಿ ಐ.ಎ.ಎಸ್.ಗೆ ಓದುವ ಅಕ್ಕಂದಿರು ಭಾನುವಾರ ಬಂತೆಂದರೆ ಒಬ್ಬರನ್ನೊಬ್ಬರು ಕೂರಿಸಿಕೊಂಡು ಮಾಕ್ ಇಂಟರ್‌ವ್ಯೂ ಮಾಡುತ್ತಾರೆ. ಮೂವರು ಮಂಚದ ಮೇಲೆ ಬೋರ್ಡ್, ಒಬ್ಬಳು ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಬೋರ್ಡಿಗೆ ದಯೆ ದಾಕ್ಷಿಣ್ಯ ಇರಬಾರದು ಅನ್ನುವುದೇ ರೂಲು. ಆ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದೆ. ಚಿತ್ರದುರ್ಗದ ರತ್ನಪ್ರಭಾ ಅಕ್ಕ ಚೇರ್‌ಮನ್. ನೈಟಿಯ ಮೇಲೆ ಶಾಲು ಹೊದ್ದು, 'ಪ್ಲೀಸ್ ಬಿ ಸೀಟೆಡ್, ಶೈಲಜಾ ಮೇಡಂ' ಅಂದಾಗ ನಿನಗೂ ನಗು ಬಂತು.

ಅವರು ಕೇಳಿದ್ದು ನೇರವಾಗಿತ್ತು: ನೀವು ತೆಗೆದುಕೊಂಡ ಅತಿ ಕಷ್ಟದ ನಿರ್ಧಾರ ಯಾವುದು? ನೀನು, 'ಕಷ್ಟ ಅಂತ ಏನೂ ಇರ್ಲಿಲ್ಲಮ್ಮ, ಸೆಕ್ರೆಟರಿ ಸಾಹೇಬರು ತುಂಬಾ ಸಹಕಾರ ಕೊಟ್ರು' ಅಂದೆ. ಅಮ್ಮಾ! ಯಮುನಾ ದಡದ ಕಾಲೊನಿಯ ಹುಡುಗಿಯರು ಎಂಟನೇ ಕ್ಲಾಸ್ ಮುಗಿಸಿ ಸ್ಕೂಲ್ ಬಿಡುತ್ತಿದ್ದಾಗ, ಬಸ್ಸು ಅವರ ಗಲ್ಲಿಯವರೆಗೂ ಹೋಗಬೇಕು ಅಂತ ಹಟ ಹಿಡಿದವರು ಯಾರು? ನಿಮ್ಮ ಮ್ಯಾನೇಜ್‌ಮೆಂಟಿನ ಅದೇ ಸೆಕ್ರೆಟರಿ ಆಗುವುದಿಲ್ಲ ಅಂದಿದ್ದರು. ನೀನೇ ಡ್ರೈವರ್ ಪಕ್ಕ ಕೂತು ರೂಟ್ ತೋರಿಸಿದ್ದು, ಮನೆ ಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದ್ದು. ಮೂಲೆಯಲ್ಲಿ ಕೂತ ನಾನು ತಡೆಯಲಾರದೆ ಅದನ್ನೆಲ್ಲ ಒದರಿಬಿಟ್ಟೆ. ಬೋರ್ಡಿನವರು ನಿನ್ನ ಕಡೆ ತಿರುಗಿ, 'ಇದನ್ನ ನೀವ್ಯಾಕೆ ಹೇಳಲಿಲ್ಲ?' ಅಂದರು. ನೀನು ಏನು ಮಾಡಿದೆ? ಎದ್ದೆ. 'ಪಾಪ, ಆಗ್ಲಿಂದ ಒಣಗಿದ ಬಾಯಲ್ಲಿ ಕೂತಿದ್ದೀರಿ, ಚಹಾ ಮಾಡ್ತೀನಿ ಇರಿ' ಅಂತ ಹೀಟರ್ ಹತ್ತಿರ ಹೋದೆ. 'ಮೇಡಂ, ಬೋರ್ಡಿಗೆ ಚಹಾ ಮಾಡ್ಕೊಡೋ ಕ್ಯಾಂಡಿಡೇಟ್‌ನ ಇವತ್ತೇ ನೋಡಿದ್ದು!' ಅಂತ ರತ್ನಪ್ರಭಾ ಅಕ್ಕ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ, ಎಲ್ಲರಿಗೂ ಶುಂಠಿ ಚಹಾ ಕೊಟ್ಟೆ, ಮತ್ತೆ ಆ ಕುರ್ಚಿಗೆ ಬರಲೇ ಇಲ್ಲ. ಆಟೋ ಹತ್ತುವಾಗ ಮಾತ್ರ 'ನನಗಿದೆಲ್ಲ ಒಗ್ಗೋದಿಲ್ಲ ಹರ್ಷೂ' ಅಂದೆ.

ಅಕ್ಕಂದಿರು ನಕ್ಕದ್ದು ನಿನ್ನನ್ನು ಚುಚ್ಚಿತಾ? ಅವರು ಹಾಗೇ, ಆದರೆ ಕೆಟ್ಟವರಲ್ಲ. ನೀನು ಹೋದಮೇಲೆ ರತ್ನಪ್ರಭಾ ಅಕ್ಕ ಚಹಾ ಲೋಟಗಳನ್ನೆಲ್ಲ ತೊಳೆದಿಟ್ಟರು. ಆಮೇಲೆ, 'ನಮ್ಮ ಸ್ಕೂಲಲ್ಲಿ ಇಂಥ ಒಬ್ಬರಿದ್ದಿದ್ರೆ ನನ್ನ ತಂಗಿ ಓದು ಬಿಡ್ತಿರಲಿಲ್ಲ' ಅಂದರು. ನಿನಗೆ ಇದನ್ನು ಹೇಳಲೇಬೇಕು ಅಂತ ನನ್ನಿಂದ ಪ್ರಾಮಿಸ್ ಮಾಡಿಸಿಕೊಂಡಿದ್ದಾರೆ.

ನನ್ನದೂ ಒಂದು ಹೇಳಲಾ? ಟ್ಯುಟೋರಿಯಲ್‌ನಲ್ಲಿ ನನಗೆ ಉತ್ತರ ಗೊತ್ತಿರುತ್ತೆ, ಬಾಯಿ ಬಿಡೋದಿಲ್ಲ. ಬೇರೆ ಯಾರೋ ಅದನ್ನೇ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಾಗ ಇನ್ನೊಬ್ಬರ ನೋಟ್ಸ್ ಸರಿ ಮಾಡುತ್ತಾ ಕೂರುತ್ತೇನೆ. ಇದು ಹಾಸ್ಟೆಲಿನಿಂದ ಬಂದ ಕಾಯಿಲೆ ಅಂದುಕೊಂಡಿದ್ದೆ. ನೀನು ಹೀಟರ್ ಕಡೆ ಹೋಗುವುದನ್ನು ನೋಡಿದಾಗ, ಅಯ್ಯೋ, ಇದು ಮನೆಯದೇ ಅನ್ನಿಸಿತು. ಕೋಪದಿಂದ ಬರೆಯುತ್ತಿಲ್ಲಮ್ಮಾ. ನಿನ್ನನ್ನು ತಬ್ಬಿಕೊಳ್ಳಬೇಕು ಅನ್ನಿಸಿತ್ತು, ಎಲ್ಲರೂ ಇದ್ದರಲ್ಲ, ಆಗಲಿಲ್ಲ.

ಮೊನ್ನೆ ಬಟ್ಟೆ ತರಲು ಮನೆಗೆ ಹೋದಾಗ ನಿಮ್ಮ ಸುಶೀಲಾ ಟೀಚರ್ ಬಂದಿದ್ದರು. ಚಂದ್ರಮೋಹನ ಸರ್ ಅದೇ ಇಂಟರ್‌ವ್ಯೂಗೆ ಆಗಲೇ ಹೊಸ ಕೋಟು ಹೊಲಿಸಿದ್ದಾರಂತೆ. ಕಾಲೊನಿಯ ಬಸ್ಸು ದಂಡ ಅಂತ ಸ್ಟಾಫ್‌ರೂಮಿನಲ್ಲಿ ಹೇಳುವವರೂ ಅವರೇ. 'ಶೈಲಜಾ ಬರದೇ ಇದ್ರೆ ಆ ಬಸ್ಸು ಏಪ್ರಿಲ್‌ವರೆಗೂ ಉಳಿಯಲ್ಲ' ಅಂತ ಟೀಚರ್ ಕಣ್ಣೊರೆಸಿಕೊಂಡರು. ಅಪ್ಪ ಪೇಪರ್ ಮಡಚಿಟ್ಟು, 'ಅವಳು ಬಂದ್ರೆ ಅಡುಗೆ ನಾನು ನೋಡ್ಕೋತೀನಿ, ಅದನ್ನ ಕಾರಣ ಮಾಡೋದು ಬೇಡ' ಅಂದರು. ಅಪ್ಪನ ಅಡುಗೆ ಅಂದರೆ ಮ್ಯಾಗಿ ಅಂತ ಗೊತ್ತಿದ್ದರೂ ನನಗೆ ಖುಷಿಯಾಯಿತು.

ದೊಡ್ಡಮ್ಮನಿಗೆ ನಮಸ್ಕಾರ, ಧನ್ಯಾಳಿಗೆ ನನ್ನ ಪರವಾಗಿ ಒಂದು ಗುದ್ದು. ಮಂಡಿಗೆ ಎಣ್ಣೆ ಹಚ್ಚಿಸಿಕೋ.

ನಿನ್ನ,
ಹರ್ಷಿಣಿ

ಒಂದು ಕೇಳಲು ಮರೆತಿದ್ದೆ. ಅಂಕಲ್ ಕೆಳಗೆ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಷ್ಟೆಲ್ಲ ಪ್ರಶ್ನೆ ಕೇಳಿದೆವಲ್ಲ, ಈ ಕೆಲಸ ನಿನಗೆ ಬೇಕಾ ಅಂತ ಯಾರೂ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಅಲ್ಲಿ ಹಾಲ್‌ನಲ್ಲಿ ಎಲ್ಲರೂ ಕಿವಿ ಕೊಟ್ಟು ಕೂತಿರುತ್ತಾರೆ, ಗೊತ್ತು. ನೀನು ಬರೀ ಹೂಂ ಅಥವಾ ಊಹೂಂ ಅನ್ನು, ಸಾಕು. ಊಹೂಂ ಅಂದರೆ ಮತ್ತೆಂದೂ ಈ ಮಾತು ಎತ್ತುವುದಿಲ್ಲ, ಆಣೆಗೂ. ಆದರೆ ಸೆಕ್ರೆಟರಿ ಏನಂತಾರೋ, ಜನ ಏನಂತಾರೋ ಅನ್ನುವುದನ್ನೆಲ್ಲ ಬಿಟ್ಟು ಹೇಳಮ್ಮಾ.