ಓಡಿಹೋದಾಕಿ ಮನಿ ಸ್ಟಾಪ್

ಅಕ್ಟೋಬರ್ 29, ಬುಧವಾರ

ರಿಪೇರಿಗೆ ಇವತ್ತೂ ಮಿಕ್ಸಿಗಳೇ. ದೀಪಾವಳಿಗೆ ಪುಡಿ, ಹೂರಣ ಅಂತ ನಮ್ಮ ಚಿತ್ತವಾಡ್ಗಿ ಬಡಾವಣೆ ಇಡೀ ಜಾರ್ ತಿರುಗಿಸಿ ತಿರುಗಿಸಿ ಮೋಟರ್ ಸುಟ್ಟುಕೊಂಡಿದೆ. ಸುಟ್ಟ ವಾಸನೆ ಅಂಗಿಯಿಂದ ಹೋಗುತ್ತಿಲ್ಲ.

ಓಣಿಯ ಸಂಘದವರು ಬಂದಿದ್ದರು. ಶನಿವಾರ ರಾಜ್ಯೋತ್ಸವ. 'ಹೋದ ವರ್ಷದಂಗ ನಗಸ್ರಿ ಶಂಭಣ್ಣ, ನಮ್ಮೂರಿನ ಗುರುತು ಅಂತ ವಿಷಯ' ಅಂದರು. ಒಳಗೆ ಹಿಗ್ಗಿ ಹೀರೇಕಾಯಿ. ಹೊರಗೆ ಮಾತ್ರ — 'ನೋಡೋಣ ಬಿಡ್ರಿ, ಕೆಲಸ ಭಾಳ ಐತಿ.'

ವಿಷಯಕ್ಕೇನು ಬರ? ಹೆಸರು ಹೊಸಪೇಟೆ, ವಯಸ್ಸು ಐನೂರು. ಹಂಪಿಯ ಗೈಡು ಯಾವ ಕಂಬ ಯಾವ ರಾಜನದ್ದು ಅಂತ ಹೇಳಬಲ್ಲ. ನಮ್ಮಲ್ಲಿ ಮನೆ ನಂಬರ್ ಹೇಳಿದರೆ ಮನೆಯವರಿಗೇ ಗೊತ್ತಾಗುವುದಿಲ್ಲ. ಕಡಿದು ಹಾಕಿದ ಹುಣಸೆಮರದ ಹತ್ತಿರ ಇಳಿಯಬೇಕು, ಮುಚ್ಚಿದ ಟಾಕೀಸಿನ ಎದುರು ನಿಲ್ಲಬೇಕು. 'ಹೊಸ ಟ್ಯಾಂಕ್' ನಾನು ಚಡ್ಡಿ ಹಾಕುವಾಗಲೂ ಹೊಸದೇ. ಇಲ್ಲದ್ದನ್ನು ಹಿಡಿದುಕೊಂಡೇ ಇರುವಲ್ಲಿಗೆ ಹೋಗುವ ಜನ ನಾವು. ಈ ಸಾಲು ಚೆನ್ನಾಗಿದೆ. ಹೇಳಬೇಕು.

ನವೆಂಬರ್ 1, ಶನಿವಾರ, ರಾತ್ರಿ

ಹೇಗೆ ಬರೆಯಲಿ.

ಚೆನ್ನಾಗಿಯೇ ಶುರುವಾಯಿತು. ಬೀಗರು ಬಂದಾಗ ಮಾತ್ರ ಹಂಪಿ ನೋಡುವವರು ನಾವು ಅಂದೆ, ನಕ್ಕರು. ಡ್ಯಾಮಿನ ಗೇಟು ತೆಗೆದರೆ ಅದೇ ನೀರನ್ನು ವರ್ಷವೂ ಬೆರಗಾಗಿ ನೋಡುವವರು ಅಂದೆ. ಸಂಡೂರಿಗೆ ಬಿಳಿ ಅಂಗಿಯಲ್ಲಿ ಹೋದವನು ಅದಿರಿನ ಧೂಳಿಗೆ ಕಾವಿ ತೊಟ್ಟು ವಾಪಸ್ ಬರುತ್ತಾನೆ ಅಂದೆ, ಸೀಟಿ ಬಿತ್ತು. ನನ್ನ ಮಾವನವರು ಕಂಪ್ಲಿಯವರು, ಭತ್ತದ ಸೀಮೆಯವರು, ಮೊದಲು ನಮ್ಮ ಮನೆಯ ಅಕ್ಕಿ ಕಚ್ಚಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು ಅಂದೆ. ಅವರ ಮಗಳು, ನನ್ನ ಹೆಂಡತಿ ಚೆನ್ನಬಸಮ್ಮ ಕೂಡ ಸೆರಗಿನ ಮರೆಯಲ್ಲಿ ನಕ್ಕಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮೈಕು ಕೈಯಲ್ಲಿದ್ದವನಿಗೆ ಬುದ್ಧಿ ಎಲ್ಲಿರುತ್ತದೆ?

'ಕಡೀಗೊಂದು ಗುರುತು ಕೇಳ್ರಿ. ಓಡಿಹೋದಾಕಿ ಮನಿ ಸ್ಟಾಪ್! ಆಕಿ ಓಡಿಹೋಗಿ ಹದಿನೈದು ವರ್ಷಾತು. ಆಟೋ ಇನ್ನೂ ಅಲ್ಲೇ ನಿಂತು ಹಾರ್ನ್ ಹೊಡೀತೈತಿ, ಬರ್ತಾಳೇನೋ ಅಂತ!'

ಪೆಂಡಾಲ್ ಹಾರಿಹೋಗುವಷ್ಟು ನಗು. ಚಪ್ಪಾಳೆ. ಆಗ ಎರಡನೇ ಸಾಲಿನಲ್ಲಿ ಸುವರ್ಣಕ್ಕ ಕಂಡರು. ಆ ಮನೆಯ ಯಜಮಾನಿ. ಓಡಿಹೋದವಳ ತಾಯಿ. ನಗುತ್ತಿದ್ದರು. ಎಲ್ಲರೂ ನಗುವಾಗ ಒಬ್ಬರೇ ಸುಮ್ಮನಿದ್ದರೆ ಎದ್ದು ಕಾಣುತ್ತದಲ್ಲ, ಅದಕ್ಕೇ ನಗುತ್ತಿದ್ದರು.

ಮನೆಗೆ ಬಂದ ಮೇಲೆ ಚೆನ್ನಬಸಮ್ಮ ತಟ್ಟೆ ಇಟ್ಟು ಒಂದೇ ಮಾತು ಕೇಳಿದಳು — 'ಏನ್ರೀ, ಆ ಮನಿಯೊಳಗ ಮನುಷ್ಯರು ಅದಾರ ಅನ್ನೋದು ಮರ್ತೇಬಿಟ್ರೇನು?'

ಮರೆತಿದ್ದೆ. ನಿಜವಾಗಿ ಮರೆತಿದ್ದೆ. ಆ ಹೆಸರು ಇಟ್ಟವನು ನಾನಲ್ಲ, ಯಾರಿಟ್ಟರೋ ಯಾರಿಗೂ ಗೊತ್ತಿಲ್ಲ. ಆ ಮನೆಯೆದುರೇ ನನ್ನ ಅಂಗಡಿ, ದಾರಿ ಕೇಳುವ ಹತ್ತು ಗಿರಾಕಿಗಳಿಗೆ ದಿನಾ ಹೇಳುತ್ತೇನೆ. ಹೇಳಿ ಹೇಳಿ ಅದರೊಳಗಿನ ಹುಡುಗಿ ಸವೆದು ಹೋಗಿದ್ದಾಳೆ. ಗಂಗಾಂಬಿಕಾ. ಹೆಸರು ನೆನಪಾಗಲು ಊಟ ಮುಗಿಯಬೇಕಾಯಿತು.

ನವೆಂಬರ್ 2, ಭಾನುವಾರ

ಹೋಗಲಿಲ್ಲ. ಚಪ್ಪಲಿ ಮೆಟ್ಟಿದೆ, ಬಿಟ್ಟೆ. ನಮ್ಮವ್ವ ಹಾಸಿಗೆ ಹಿಡಿದಾಗ ದಿನಾ ಗಂಜಿ ತಂದು ಕುಡಿಸಿದವರು ಸುವರ್ಣಕ್ಕ. ಯಾವ ಮುಖ ಹೊತ್ತು ಹೋಗಲಿ? ಬಜಾರಿನಲ್ಲಿ ಇಬ್ಬರು ಬೆನ್ನು ತಟ್ಟಿ 'ಕಡೀದು ಮಸ್ತ್ ಇತ್ತು ಬಿಡಣ್ಣ' ಅಂದರು.

ನವೆಂಬರ್ 5, ಬುಧವಾರ

ಹೋದೆ. ಚೆನ್ನಬಸಮ್ಮ ಬಾಗಿಲಿನವರೆಗೆ ತಳ್ಳಿದಳು ಅನ್ನುವುದೇ ಸರಿ.

'ಬಾರಪ್ಪ ಶಂಭು, ಕುಂದ್ರು. ಭಾಷಣ ಚಲೋ ಆತು' ಅಂದರು. ಬೈದಿದ್ದರೆ ಚೆನ್ನಾಗಿತ್ತು.

'ಅಕ್ಕಾ, ತಪ್ಪಾತು. ಬಾಯಿಗೆ ಬಂದದ್ದು ಅಂದುಬಿಟ್ಟೆ...'

'ನೀ ಅಂದಿದ್ದು ಹೊಸದೇನಲ್ಲೋ. ನಾನೂ ಗ್ಯಾಸಿನವಗ ಹಂಗ ಹೇಳ್ತೀನಿ. ನಮ್ಮ ಯಜಮಾನ್ರ ಹೆಸರು ಹಿಡಿದು ಕೊಟ್ರಬಸಪ್ಪನೋರ ಮನಿ ಅಂದ್ರ ಸಿಲಿಂಡರ್ ಬರಂಗಿಲ್ಲ.' ಚಹಾ ಸೋಸುತ್ತಾ ಹೇಳಿದರು. 'ಮೊದಲ್ನೇ ಸಲ ಹೇಳಿದಾಗ ಅವತ್ತು ಊಟ ಸೇರಲಿಲ್ಲ. ಆಮ್ಯಾಲ ರೂಢಿ ಆತು.'

ಸ್ವಂತ ಮನೆಗೆ ಈ ಹೆಸರಿನಿಂದ ಸಿಲಿಂಡರ್ ತರಿಸಿಕೊಳ್ಳುತ್ತಾರೆ ಇವರು. ನಾನು ಅದಕ್ಕೆ ಚಪ್ಪಾಳೆ ಗಿಟ್ಟಿಸಿಕೊಂಡೆ.

ಆಮೇಲೆ ವಿಷಯ ಹೇಳಿದರು. ಈ ಮೂವತ್ತಕ್ಕೆ ತೀರಿಹೋದ ಯಜಮಾನರ ವರ್ಷದ ಪೂಜೆ. ಗಂಗಾಂಬಿಕಾ ಬರುತ್ತಾಳೆ, ಮಗಳನ್ನು ಕರೆದುಕೊಂಡು. ಹೋದ ಮೇಲೆ ಇದೇ ಮೊದಲು. ಓಡಿಹೋದದ್ದು ಎಲ್ಲಿಗೆ ಅಂದರೆ ವಡ್ಡಿಗೆ — ಬಸ್ಸಿಗೆ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಅದಿರಿನ ಲಾರಿ ಓಡಿಸುವ ಹುಡುಗನ ಜೊತೆ. ಕೊಟ್ರಬಸಪ್ಪನವರು ಇರುವತನಕ ಹೊಸ್ತಿಲು ತುಳಿಸಲಿಲ್ಲ. ತಾಯಿ ಮಗಳದ್ದು ಫೋನಿನಲ್ಲೇ ಮಾತು.

'ಬಸ್ ಸ್ಟ್ಯಾಂಡಿನಾಗ ಇಳಿದ್ರೂ ಚಿತ್ತವಾಡ್ಗಿ ಕಡಿ ಮುಖ ಮಾಡಿದಾಕಿ ಅಲ್ಲ ಆಕಿ. ತನ್ನ ಮ್ಯಾಲೆ ಒಂದು ಸ್ಟಾಪ್ ಐತಿ ಅಂತ ಗೊತ್ತಿಲ್ಲ ಶಂಭು. ಮೊಮ್ಮಗಳಿಗಂತೂ ಅವ್ವ ಹೆಂಗ ಹೋದ್ಲು ಅನ್ನೋದೂ ಗೊತ್ತಿಲ್ಲ. ಅವರು ಇರೋ ನಾಕು ದಿನ ಅದು ಅವರ ಕಿವಿಗೆ ಬೀಳಬಾರದು. ಅಷ್ಟು ಮಾಡು. ನಿನ್ನ ಮಾತು ಓಣಿಯೋರು ಕೇಳ್ತಾರ.'

ಆಗಲಿ ಅಂದೆ. ಕೈಮುಗಿದೆ. ಇದೊಂದು ಮಾಡದಿದ್ದರೆ ನಾನು ಮನುಷ್ಯನಲ್ಲ.

ನವೆಂಬರ್ 11, ಮಂಗಳವಾರ

ಹೆಸರು ಅಳಿಸಬೇಕೆಂದರೆ ಇನ್ನೊಂದು ಹೆಸರು ಬೇಕು. ನನ್ನದೇ ಐಡಿಯಾ. ಸುವರ್ಣಕ್ಕನ ಕಾಂಪೌಂಡಿಗೆ ನೀಲಿ ಬಣ್ಣ ಹೊಡೆಸಿದೆ — ಕಣ್ಣಿಗೆ ರಾಚುವ ನೀಲಿ. ಗೇಟಿನ ಪಕ್ಕ ಅರವಟ್ಟಿಗೆ ಇಟ್ಟೆ, ಎರಡು ಮಣ್ಣಿನ ಗಡಿಗೆ, ಸ್ಟೀಲ್ ಲೋಟಕ್ಕೆ ಸರಪಳಿ. 'ಚಳಿಗಾಲದಾಗ ಅರವಟ್ಟಿಗಿ ಯಾಕ್ರೀ?' ಅಂತ ಎಲ್ಲರ ಪ್ರಶ್ನೆ. ಪುಣ್ಯ ಬರಲಿ ಅಂತ ಅಂದೆ.

ಆಟೋ ಹುಲುಗಪ್ಪನಿಗೆ ಮೊದಲು ಹೇಳಿದೆ. ಸ್ಟ್ಯಾಂಡಿಗೆ ಅವನೇ ಹಿರಿಯ.

'ಇವತ್ತಿಂದ ನೀಲಿ ಮನಿ ಸ್ಟಾಪ್. ತಿಳೀತಾ?'

'ತಿಳೀತು ಬಿಡಣ್ಣ. ಯಾವ ನೀಲಿ ಮನಿ?'

'ಸುವರ್ಣಕ್ಕಂದು.'

'ಯಾವ ಸುವರ್ಣಕ್ಕ?'

ಸುತ್ತ ನೋಡಿದೆ. ಹೇಳದೆ ಗತಿ ಇರಲಿಲ್ಲ. 'ಓ, ಅದಾ!' ಅಂದ. ಹೆಸರು ಅಳಿಸಲು ಹೊರಟವನ ಬಾಯಲ್ಲೇ ಅದು ಮತ್ತೆ ಬಂತು. ಥೂ.

ನವೆಂಬರ್ 19, ಬುಧವಾರ

ಈಗ ಜನ ಹೇಳುವುದು ಹೀಗೆ — 'ಓಡಿಹೋದಾಕಿ ಮನಿ ಅರವಟ್ಟಿಗಿ.' ಇನ್ನೊಬ್ಬ — 'ನೀಲಿ ಬಣ್ಣ ಹಚ್ಚ್ಯಾರಲ್ಲ, ಓಡಿಹೋದಾಕಿ ಮನಿ.' ಎರಡು ಗುರುತು ಸೇರಿಸಿಕೊಟ್ಟ ಹಾಗಾಯಿತು ನಾನು.

ಬಿಟ್ಟುಬಿಡಲಿಲ್ಲ. ಮನೆಮನೆಗೆ ಹೋದೆ. ಹಾಲಿನವನು, ಪೇಪರಿನವನು, ಸೊಪ್ಪಿನ ಎಲ್ಲಮ್ಮ. ಎಲ್ಲರಿಗೂ ನಿಜವನ್ನೇ ಹೇಳಿದೆ. ಮಗಳು ಬರ್ತಾಳೆ, ಮೊಮ್ಮಗಳು ಬರ್ತಾಳೆ, ಆ ಹೆಸರು ಎತ್ತಬೇಡಿ. ಆಶ್ಚರ್ಯ ಅಂದರೆ ಯಾರೂ ನಗಲಿಲ್ಲ. ಎಲ್ಲಮ್ಮ ಸೊಪ್ಪಿನ ಬುಟ್ಟಿ ಇಳಿಸಿ, 'ಗಂಗವ್ವ ಬರ್ತಾಳಾ? ನನ್ನ ಹತ್ರ ದಿನಾ ಪುದೀನ ಒಯ್ಯೋಳು' ಅಂತ ಕಣ್ಣು ಒರೆಸಿಕೊಂಡಳು. ಹುಲುಗಪ್ಪ ಸ್ಟ್ಯಾಂಡಿನಲ್ಲಿ ದಂಡ ಹಾಕಿದ್ದಾನಂತೆ — ಹಳೆ ಹೆಸರು ಅಂದವನು ಎಲ್ಲರಿಗೂ ಚಹಾ ಕುಡಿಸಬೇಕು. ಮೊದಲ ದಿನ ಅವನೇ ಕುಡಿಸಿದ.

ಒಳ್ಳೆಯ ಜನ. ನಾನೊಬ್ಬನೇ ಇವರನ್ನು ವೇದಿಕೆ ಮೇಲೆ ನಿಂತು ಕೆಟ್ಟದಾಗಿ ನಗಿಸಿದವನು.

ನವೆಂಬರ್ 30, ಭಾನುವಾರ, ಸಂಜೆ

ಬಂದರು. ಹುಲುಗಪ್ಪನೇ ಬಸ್ ಸ್ಟ್ಯಾಂಡಿಗೆ ಹೋಗಿ ಕರೆತಂದ. 'ನೀಲಿ ಮನಿ ಸ್ಟಾಪ್, ಇಳೀರಿ!' ಅಂತ ಇಡೀ ಓಣಿಗೆ ಕೇಳುವ ಹಾಗೆ ಕೂಗಿದ, ಕಳ್ಳ. ಗಂಗಾಂಬಿಕಾಳ ತಲೆಯಲ್ಲಿ ಬಿಳಿಕೂದಲು ಬಂದಿದೆ. ಗೇಟಿನ ಹತ್ತಿರ ಇಳಿದವಳು ಒಳಗೆ ಹೋಗಲು ಬಹಳ ಹೊತ್ತು ತೆಗೆದುಕೊಂಡಳು. ಅರವಟ್ಟಿಗೆಯ ಲೋಟ ತೊಳೆದಳು, ನೀರು ಕುಡಿದಳು, ಮತ್ತೆ ಕುಡಿದಳು. ಸುವರ್ಣಕ್ಕ ಹೊಸ್ತಿಲಲ್ಲಿ ನಿಂತಿದ್ದರು. ಅವರೂ ಕರೆಯಲಿಲ್ಲ. ಕಡೆಗೆ ಮಗಳು, ಸ್ನೇಹಾ ಅಂತ, ಹೈಸ್ಕೂಲಿಗೆ ಹೋಗುವವಳು, ಅವ್ವನ ಕೈ ಹಿಡಿದು ಎಳೆದುಕೊಂಡು ಹೋದಳು.

ಪೂಜೆಗೆ ಓಣಿ ಪೂರ್ತಿ ಬಂದಿತ್ತು. ಒಂದು ಬಾಯಿಯೂ ತಪ್ಪಲಿಲ್ಲ. ಊಟಕ್ಕೆ ಬಡಿಸುವಾಗ ಸುವರ್ಣಕ್ಕ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ತಿಂಗಳಾದ ಮೇಲೆ ಇವತ್ತು ಹೊಟ್ಟೆಗೆ ಅನ್ನ ಹತ್ತಿದ ಹಾಗಾಯಿತು.

ಡಿಸೆಂಬರ್ 1, ಸೋಮವಾರ, ಮಧ್ಯಾಹ್ನ

ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ.

ಹನ್ನೆರಡರ ಸುಮಾರಿಗೆ ಸ್ನೇಹಾ ಬಂದಳು. ಅಜ್ಜಿಯ ಮಿಕ್ಸಿ ಜಾರ್ ತಂದಿದ್ದಳು, ಬ್ಲೇಡ್ ತಿರುಗುವುದಿಲ್ಲ ಅಂತ. ಚುರುಕು ಹುಡುಗಿ. ಸ್ಟೂಲಿನ ಮೇಲೆ ಕೂತು ಅದು ಏನು, ಇದು ಏನು ಅಂತ ಕೇಳುತ್ತಿದ್ದಳು. ನಾನೂ ಖುಷಿಯಲ್ಲಿದ್ದೆ. ಜಾರ್ ಬಿಚ್ಚಿದ್ದೆ, ಬ್ಲೇಡ್ ಕೂರುವ ಬುಷ್ ಸವೆದಿತ್ತು, ತೋರಿಸುತ್ತಿದ್ದೆ. ಫೋನ್ ಬಂತು. ಡ್ಯಾಮ್ ಕಡೆಯ ಗಿರಾಕಿ, ಗ್ರೈಂಡರ್ ತರುತ್ತೇನೆ, ಅಂಗಡಿ ಎಲ್ಲಿ ಅಂದ. ಫೋನನ್ನು ಭುಜಕ್ಕೆ ಒತ್ತಿಕೊಂಡೆ, ಕೈಯಲ್ಲಿ ಸ್ಕ್ರೂಡ್ರೈವರ್ —

'ಚಿತ್ತವಾಡ್ಗಿಗೆ ಬಂದು ಓಡಿಹೋದಾಕಿ ಮನಿ ಕೇಳ್ರಿ, ಯಾರಾದ್ರೂ ತೋರಿಸ್ತಾರ. ನೀಲಿ ಕಾಂಪೌಂಡ್, ಅರವಟ್ಟಿಗಿ ಐತಿ. ಅದರ ಎದುರಿಗೇ ನನ್ನ ಅಂಗಡಿ.'

ಫೋನ್ ಇಟ್ಟೆ. ಆಗಲೂ ತಿಳಿಯಲಿಲ್ಲ. ಬುಷ್ ಹುಡುಕುತ್ತಿದ್ದೆ.

'ಅಂಕಲ್, ನೀಲಿ ಕಾಂಪೌಂಡ್ ಅಂದ್ರ ನಮ್ಮ ಅಜ್ಜಿ ಮನಿ ಅಲ್ಲೇನ್ರಿ?'

ತಲೆ ಎತ್ತಿದೆ.

'ಯಾರು ಓಡಿಹೋದ್ರು?'

'ಯಾರೂ ಇಲ್ಲವ್ವಾ... ಅದು ಹಿಂಗ ಒಂದು ಹೆಸರು. ಹಳೇದು.'

ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಎಲ್ಲ ಬರೆದಿತ್ತು ಅಂತ ಕಾಣುತ್ತದೆ. 'ಇರ್ಲಿ ಬಿಡ್ರಿ, ನಮ್ಮವ್ವಗ ಗೊತ್ತಿರತೈತಿ, ಕೇಳ್ತೀನಿ' ಅಂದು ಎದ್ದು ಹೋದಳು. ಕರೆಯಬೇಕು ಅಂದುಕೊಂಡೆ. ಜಾರ್ ಇಲ್ಲೇ ಬಿಟ್ಟುಹೋಗಿದ್ದಳು.

ಹಾಲಿನವನು ತಪ್ಪಲಿಲ್ಲ. ಎಲ್ಲಮ್ಮ ತಪ್ಪಲಿಲ್ಲ. ಆಟೋ ಸ್ಟ್ಯಾಂಡಿನ ಒರಟರು ತಪ್ಪಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿ ಬಂದವನು ತಪ್ಪಿದೆ. ಸುವರ್ಣಕ್ಕ ಕೇಳಿದ್ದು ಅದೊಂದೇ.

ಸಂಜೆ, ಐದೂವರೆ

ಜಾರ್ ರೆಡಿ. ಮೂರು ಸಲ ಒರೆಸಿದ್ದೇನೆ. ತೆಗೆದುಕೊಂಡು ಹೋಗಿ ಕೊಡಲು ಧೈರ್ಯ ಇಲ್ಲ. ಚೆನ್ನಬಸಮ್ಮನಿಗೆ ಹೇಳಿದೆ, ನೀನಾದರೂ ಕೊಟ್ಟು ಬಾ ಅಂದೆ. 'ನಿಮ್ಮ ಬಾಯಿ ಮಾಡಿದ್ದನ್ನ ನಿಮ್ಮ ಕಾಲೇ ಹೊತ್ಕೊಂಡು ಹೋಗಲಿ' ಅಂದಳು. ಆಮೇಲೆ ಸ್ವಲ್ಪ ಮೆತ್ತಗೆ, 'ಇನ್ನ ನಿಮ್ಮ ಅಂಗಡಿಗೂ ಜನ ಒಂದು ಹೆಸರು ಇಡ್ತಾರ ನೋಡ್ರಿ' ಅಂದಳು.

ಹೇಳಬೇಕಾದದ್ದನ್ನು ಮೊದಲು ಇಲ್ಲಿ ಬರೆದು ನೋಡೋಣ ಅಂತ ಕೂತಿದ್ದೇನೆ. ಗಂಗವ್ವ, ತಪ್ಪು ನಂದು... ಅದು ಸುಲಭ. ವೇದಿಕೆಯ ಮೇಲಿನದ್ದೂ ಹೇಳಬೇಕು. ಜನ ಹೇಗೆ ನಕ್ಕರು ಅನ್ನುವುದನ್ನೂ, ನಿನ್ನವ್ವ ಹೇಗೆ ನಕ್ಕರು ಅನ್ನುವುದನ್ನೂ. ಅದು ಬಾಯಿಗೆ ಬರುತ್ತಿಲ್ಲ. ಇಷ್ಟು ವರ್ಷ ಹೇಳಿದ ಮಾತು ಎಷ್ಟು ಸಲೀಸಾಗಿ ಬಂತು.

ಎದುರುಮನೆಯ ಗೇಟು ತೆಗೆದ ಸದ್ದು. ಗಂಗಾಂಬಿಕಾ. ಒಬ್ಬಳೇ. ಸ್ನೇಹಾ ಕೇಳಿಯಾಗಿರಬೇಕು. ಅರವಟ್ಟಿಗೆ ಹತ್ತಿರ ನಿಂತಳು, ನೀಲಿ ಗೋಡೆ ನೋಡಿದಳು, ಕೈಯಿಂದ ಒಮ್ಮೆ ಸವರಿದಳು. ಬಾಗಿಲಲ್ಲಿ ಸುವರ್ಣಕ್ಕ ನಿಂತಿದ್ದಾರೆ, ಈ ಕಡೆ ನೋಡುತ್ತಿಲ್ಲ.

ಹುಲುಗಪ್ಪನ ಆಟೋ ನಿಂತಿದೆ. ಅವನನ್ನು ಏನೋ ಕೇಳಿದಳು. ಮಿಕ್ಸಿ ಅಂಗಡಿ ಯಾವುದು ಅಂತ ಇರಬೇಕು, ಅವಳು ಹೋದಾಗ ಈ ಅಂಗಡಿ ಇರಲಿಲ್ಲ. ಅವನು ಕೈ ಎತ್ತಿ ತೋರಿಸಿದ. ಏನೋ ಅಂದ. ನನ್ನ ಅಂಗಡಿಗೆ ಏನಂತ ಗುರುತು ಹೇಳಿದನೋ ಕೇಳಿಸಲಿಲ್ಲ. ಅವಳು ನಗಲಿಲ್ಲ.

ರಸ್ತೆ ದಾಟಿದಳು. ಚಪ್ಪಲಿ ಬಿಡುತ್ತಿದ್ದಾಳೆ. ಗಂಗವ್ವಾ, ನಾನು —