ನಕ್ಷತ್ರದ ಮೇಲಿನ ತ್ರಿಕೋನ

ಓಬರ್ನ್‌ಡೋರ್ಫ್
14 ನವೆಂಬರ್ 1998

ಪ್ರೀತಿಯ ಸಿಬಿಲೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಈ ಸುದ್ದಿ ಖಚಿತವಾದ ಮೇಲೆಯೇ ಬರೆಯೋಣವೆಂದು ಕಾದೆ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಅಮ್ಮನ ಮೊಣಕಾಲು ನೋವು ಮಾತ್ರ ನೆಕ್ಕರ್ ನದಿಯ ಮಂಜಿನ ಜೊತೆಗೇ ಬಂದಿದೆ.

ಕಳೆದ ವರ್ಷ ನಾನು ಹರಾಜಿನಲ್ಲಿ ಕೊಂಡ ಬೂದು ಪಿಸ್ತೂಲು ನೆನಪಿದೆಯಲ್ಲ? ಯುದ್ಧ ಮುಗಿದು ಊರು ಫ್ರೆಂಚರ ಕೈಗೆ ಬಂದ ಮೇಲೆ, ನಮ್ಮೂರ ಬಂದೂಕು ಕಾರ್ಖಾನೆಯಲ್ಲೇ ಅವರ ಸೈನ್ಯಕ್ಕಾಗಿ ಮಾಡಿದ್ದು. ಬಲಬದಿಯಲ್ಲಿ ಅವರ ಐದು ಮೂಲೆಯ ನಕ್ಷತ್ರವಿದೆ. ಅದರ ಒಂದು ಮೂಲೆಯನ್ನು ಹಾದು ಒಂದು ಸಣ್ಣ ತ್ರಿಕೋನ. ಅದು ನಿನ್ನ ಅಜ್ಜನ ಗುರುತು. ಅವರ ಅಚ್ಚು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಪುರಭವನದಲ್ಲಿ ಏರ್ಪಡಿಸಿದ ಊರಿನ ಹಳೆಯ ಆಯುಧಗಳ ಪ್ರದರ್ಶನದಲ್ಲಿ ಅದರ ಪಕ್ಕದ ಚೀಟಿಯ ಮೇಲೆ 'ಜೋಡಿಸಿದವರು: ಗಾಟ್ಲೋಬ್ ಶ್ಮೌಡರ್' ಎಂದು ಬರೆಸಬೇಕೆಂಬುದು ನನ್ನ ಆಸೆಯಾಗಿತ್ತು. ಆದರೆ ಉಲ್ಮ್‌ನಿಂದ ಬಂದ ತಜ್ಞ ಡಾಕ್ಟರ್ ತ್ಸೋಲರ್ ಒಪ್ಪದೆ ತಲೆಯಾಡಿಸಿದರು.

"ಶ್ಮೌಡರ್ ಅವರೇ, ಯುದ್ಧದಲ್ಲಿ ಉಳಿದ ಬಿಡಿಭಾಗಗಳನ್ನೇ ಫ್ರೆಂಚರು ಜೋಡಿಸಿದ್ರು. ಮೊದಲು ನಿಮ್ಮ ತಂದೆ ತ್ರಿಕೋನ ಹೊಡೆದಿರ್ತಾರೆ, ಆಮೇಲೆ ಇನ್ಯಾರೋ ಅದರ ಮೇಲೆ ನಕ್ಷತ್ರ ಹೊಡೆದಿರ್ತಾರೆ. ಆಗ ಅವರು ಅಲ್ಲಿ ಕೆಲಸಕ್ಕಿದ್ರು ಅನ್ನೋದಕ್ಕೆ ಕಾಗದ ಏನಾದ್ರೂ ಇದೆಯಾ?"

"ಇತ್ತು. ಮನೆ ಬದಲಿಸುವಾಗ ಕಳೆದುಹೋಯ್ತು," ಅಂದೆ.

"ಹಾಗಾದ್ರೆ ಬರೀ ನಂಬಿಕೆ ಮೇಲೆ ಹೆಸರು ಹಾಕೋಕಾಗಲ್ಲ."

ನನಗೆ ಸಿಟ್ಟು ಬಂತು. "ಡಾಕ್ಟರೇ, ನೀವು ಪುಸ್ತಕ ಓದಿ ಕಲಿತವರು. ನಾನು ನಲವತ್ತು ವರ್ಷ ಉಕ್ಕು ಕೊರೆದವನು. ಯಾವ ಏಟು ಮೊದಲು ಬಿತ್ತು ಅಂತ ಉಕ್ಕೇ ಹೇಳುತ್ತೆ. ಭೂತಗನ್ನಡಿ ಕೊಡಿ."

ಎರಡು ಗುರುತು ಒಂದರ ಮೇಲೊಂದು ಬಿದ್ದಾಗ, ಕೆಳಗಿನದರ ಗೆರೆ ತುಂಡಾಗುತ್ತದೆ. ಮೇಲಿನದು ಎಡೆಬಿಡದೆ ಓಡುತ್ತದೆ. ತ್ಸೋಲರ್ ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ತುಂಡಾಗಿದ್ದದ್ದು ನಕ್ಷತ್ರದ ಒಂದು ಮೂಲೆ. ತ್ರಿಕೋನದ ಗೆರೆ ಅದನ್ನು ಸೀಳಿಕೊಂಡು ನೇರವಾಗಿ ಹೋಗಿತ್ತು.

"ತ್ರಿಕೋನವೇ ಆಮೇಲಿನದು. ಅಂದ್ರೆ ಫ್ರೆಂಚರ ಕಾಲದಲ್ಲೂ ನಿಮ್ಮ ತಂದೆ ಅಲ್ಲಿ ಕೆಲಸಕ್ಕಿದ್ರು," ಎಂದು ಒಪ್ಪಿಕೊಂಡರು. ಪ್ರದರ್ಶನ ನಡೆಸುವ ಸಂಘದ ಹಿರಿಯ ಫ್ರೀಡೋಲಿನ್ ನಕ್ಕ: "ಉಲ್ಮ್‌ನ ಚರ್ಚಿನ ದೊಡ್ಡ ಗೋಪುರದ ಮೇಲಿಂದ ನೋಡಿದ್ರೆ ಇದೆಲ್ಲ ಕಾಣಲ್ಲ, ಡಾಕ್ಟರೇ!" ತ್ಸೋಲರ್ ಕೂಡ ನಕ್ಕರು. ಒಳ್ಳೆಯ ಮನುಷ್ಯ. ಆ ಚೀಟಿಯನ್ನು ತಾವೇ ಬರೆದರು.

ನಿನ್ನೆ ಪ್ರದರ್ಶನ ತೆರೆಯಿತು. ಜನ ಸಾಲಾಗಿ ನಿಂತು ಅಜ್ಜನ ಹೆಸರು ಓದಿದರು. ಯುದ್ಧದಲ್ಲಿ ಪಿಸ್ತೂಲು ಮಾಡಿದ್ದಕ್ಕೆ ಈ ಊರು ಅವರನ್ನು ಒಂದು ಮಾತೂ ಅನ್ನಲಿಲ್ಲ. ಸೋತ ಮೇಲೆ, ನಾಲ್ಕು ಹೊಟ್ಟೆ ಹೊರೆಯಲು ಅದನ್ನೇ ಮಾಡಿದ್ದಕ್ಕೆ 'ಫ್ರೆಂಚರ ಆಳು' ಎಂದು ಆಡಿಕೊಂಡಿತು. ಹಾಗೆ ಅಂದವರ ಮೊಮ್ಮಕ್ಕಳು ನಿನ್ನೆ ನನ್ನ ಕೈಕುಲುಕಿದರು. ಅಮ್ಮ ಮಾತ್ರ, "ಸಾಕು, ಎದೆ ಉಬ್ಬಿಸಿ ಉಬ್ಬಿಸಿ ಕೋಟಿನ ಗುಂಡಿ ಕಿತ್ತುಬಂದೀತು. ಹೊಲಿಯೋಳು ನಾನು," ಅಂದಳು. ಉಬ್ಬಿತ್ತು, ಸುಳ್ಳಲ್ಲ.

ಕ್ರಿಸ್‌ಮಸ್‌ಗೆ ಬಾ, ನಿನ್ನ ಕಣ್ಣಾರೆ ನೋಡು. ಕೀಲ್‌ನ ಚಳಿಗಾಳಿಯಲ್ಲಿ, ನೀನಿರುವಲ್ಲಿ, ಕಿವಿ ಮುಚ್ಚಿಕೊಂಡು ಓಡಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಎಬರ್‌ಹಾರ್ಟ್

ಮರೆತ ಮಾತು: ನಾನು ಹುಟ್ಟಿದ್ದೂ ಇದೇ ಮನೆಯಲ್ಲಿ, ನೀನು ಹುಟ್ಟಿದ್ದೂ ಇದೇ ಮನೆಯಲ್ಲಿ. ನಾವು ಎಂದೂ ಮನೆ ಬದಲಿಸಿಲ್ಲ. ಓದುವಾಗಲೇ ನಿನಗೆ ಹೊಳೆದಿರುತ್ತದೆ. ಅಜ್ಜನನ್ನು ಮಣ್ಣು ಮಾಡಿದ ಮರುದಿನ, ಫ್ರೆಂಚ್ ಮೊಹರಿದ್ದ ಅವರ ಕೆಲಸದ ಚೀಟಿಯನ್ನು ಒಲೆಗೆ ಹಾಕಿದವನು ನಾನು. ಅದು ಯಾರ ಕಣ್ಣಿಗೂ ಬೀಳುವುದು ನನಗೆ ಬೇಕಿರಲಿಲ್ಲ. ನಿನಗಾಗ ಆರು ವರ್ಷ. "ಏನಪ್ಪಾ ಸುಡ್ತಿದ್ದೀಯ?" ಎಂದು ನೀನು ಕೇಳಿದ್ದೆ. ಹಳೆ ಪೇಪರು ಅಂದಿದ್ದೆ ನಾನು.